ಸಣ್ಣ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್‌ಲಿಂದ ಲಿನಕ್ಸ್ ಹಾಕ್ಬೇಕಂದ್ರ ಬೂಟೇ ಆಗವಲ್ದು, ಯಾರರ ಹೇಳ್ರಿ

ತೊಗರಿಕಣಜ (ಕಲಬುರಗಿ)
ಎಲ್ಲಾರಿಗೂ ಶರಣ್ರಿ. ನಮ್ಮ ತಂಗಿ ಕಡೆ ಒಂದು ಸಣ್ಣ ಲ್ಯಾಪ್‌ಟಾಪ್ ಅದ, 11.6 ಇಂಚಿಂದು. ಇಂಟೆಲ್ ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಫೈಲ್ ಇಡೋ ಒಳಗಿನ ಚಿಪ್). ವಿಂಡೋಸ್ 10 ಅದ, ಅಪ್‌ಡೇಟ್ ಅಪ್‌ಡೇಟ್ ಅಂತ ತಾನೇ ಇಡೀ ಜಾಗ ತಿಂದು ಕುಂತದ. ಸಿ ಡ್ರೈವ್‌ನಾಗ 900 ಎಂಬಿ ಉಳಿದದ ಅಷ್ಟ. ಆಕಿ ಎಫ್‌ಡಿಎ ಪರೀಕ್ಷಾಕ್ಕ ಓದಲತ್ತಾಳ, ಒಂದು ಪಿಡಿಎಫ್ ತೆಗಿಯೋದ್ರೊಳಗ ನಾ ಚಹಾ ಕುಡದು ಬರ್ತೀನಿ. ಮ್ಯಾಲ 2025 ಅಕ್ಟೋಬರ್ 14ಕ್ಕ ವಿಂಡೋಸ್ 10ದು ಸಪೋರ್ಟೂ ಮುಗೀತು. 11 ಹಾಕ್ಬೇಕಂದ್ರ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಕೇಳ್ತದ. ಆಗಂಗಿಲ್ಲ.

ಅದಕ್ಕ ಲಿನಕ್ಸ್ ಹಾಕೋಣ ಅಂತ ಉಬುಂಟು (ಲಿನಕ್ಸಿನ ಒಂದು ನಮೂನಿ) ಇಳಿಸ್ಕೊಂಡು, ರೂಫಸ್ ಅಂಬೋ ಪ್ರೋಗ್ರಾಂಲಿಂದ 16 ಜಿಬಿ ಪೆನ್‌ಡ್ರೈವ್‌ಗೆ ಬರದೆ. ಬಯೋಸ್‌ನಾಗ ಸೆಕ್ಯೂರ್ ಬೂಟ್ ಬಂದ್ ಮಾಡೀನಿ, ಯುಎಸ್‌ಬಿ ಮೊದಲು ಇಟ್ಟೀನಿ. ಚಾಲೂ ಮಾಡಿದ್ರ ಸೀದಾ ವಿಂಡೋಸೇ ಬರ್ತದ. ಪೆನ್‌ಡ್ರೈವ್ ಅಂಬೋದೇ ಅದಕ್ಕ ಕಾಣವಲ್ದು. ಮೂರು ದಿನ ಆಯ್ತು ಇದೇ ಹಾಡು.

ಹಳೇಮದರ್‌ಬೋರ್ಡ್ (ಕಲಬುರಗಿ)
ಐಎಸ್‌ಒ (ಇಳಿಸಿದ ಲಿನಕ್ಸ್ ಫೈಲು) ಪೂರಾ ಇಳದದೇನು ಮೊದಲು ನೋಡಪ್ಪ. ಫೈಲ್ ಪರೀಕ್ಷಾ ಮಾಡೋ ಶಾ256 ಸಂಖ್ಯಾ ತಾಳಿ ನೋಡಿದೇನು? ನಮ್ಮ ಕಡೆ ನೆಟ್ ಹೆಂಗ ಅದ ಅಂದ್ರ 5 ಜಿಬಿ ಫೈಲು 4.8ಕ್ಕ ಕಟ್ ಆಗಿ ಸುಮ್ಮ "ಆಯ್ತು" ಅಂತ ತೋರಿಸ್ತದ.

ತೊಗರಿಕಣಜ
ನೋಡೀನ್ರಿ ಕಾಕಾ, ತಾಳಿಬಿದ್ದದ. ಅದೇ ಪೆನ್‌ಡ್ರೈವ್ ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿದ್ರ ಒಂದೇ ನಿಮಿಷದಾಗ ಉಬುಂಟು ಬಂತು. ಅಂದ್ರ ತಪ್ಪು ಪೆನ್‌ಡ್ರೈವಿಂದಲ್ಲ.

ಕ್ವಾಟಿಮ್ಯಾಲ (ಬೀದರ್)
ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡ್ರಿ. ವಿಂಡೋಸ್ ಪೂರಾ ಮಲಗಂಗಿಲ್ಲ, ಅರ್ಧ ಕಣ್ಣು ತಕ್ಕೊಂಡು ಮಲಗ್ತದ. ಶಿಫ್ಟ್ ಒತ್ತಿ ಹಿಡದು ರೀಸ್ಟಾರ್ಟ್ ಕೊಡ್ರಿ, ನೀಲಿ ಪರದೆ ಬರ್ತದ, ಅದ್ರಾಗ "ಯೂಸ್ ಎ ಡಿವೈಸ್" ಅಂತ ಬಂದ್ರ ಯುಎಸ್‌ಬಿ ಆರಿಸ್ರಿ.

ತೊಗರಿಕಣಜ
ಮಾಡಿ ನೋಡ್ದೆ. ಡಿವೈಸ್ ಪಟ್ಟಿ ಬಂತು, ಯುಎಸ್‌ಬಿ ಹೆಸರೂ ಬಂತು! ಒತ್ತಿದ್ರ ಪರದೆ ಒಂದು ಸಲ ಕಪ್ಪಾಗಿ ತಿರುಗಿ ವಿಂಡೋಸಿಗೇ ಬಂತು. ಈ ಸಲ ನನ್ನ ಬಿಪಿ ಭೀ ಏರ್ತು.

ಜಯನಗರದವ (ಮೈಸೂರು)
ಇದೇನ್ರೀ "ಆಗವಲ್ದು", "ಕಾಣವಲ್ದು". ಮೊದಲು ಓದೋಕೆ ಒಂದು ಡಿಕ್ಷನರಿ ಕೊಡಿ 😄 ಉಬುಂಟು ತುಂಬಾ ಭಾರ ಆಗತ್ತೆ 2 ಜಿಬಿಗೆ. ಅದರ ಹಗುರ ರೂಪ ಲುಬುಂಟು ಹಾಕಿ ನೋಡಿ.

ಕ್ವಾಟಿಮ್ಯಾಲ
ಅಣ್ಣಾ, ಬೂಟೇ ಆಗವಲ್ದು ಅಂದ್ರ ಭಾರ ಏನು, ಹಗುರ ಏನು? ಬಂಡಿ ಹೂಡೋದ್ಕಿನ ಮೊದಲೇ ಎತ್ತಿಗೆ ಮೇವು ಎಷ್ಟು ಅಂತ ಕೇಳಿದಂಗಾಯ್ತು. ಡಿಕ್ಷನರಿ ಬೇಕಂದ್ರ ಬೀದರಿಗೆ ಬರ್ರಿ, ಎರಡು ದಿನದಾಗ ಕಲಿಸಿ ಕಳಿಸ್ತೀವಿ. ಕನ್ನಡದ ಸಂಗಡ ಉರ್ದು, ಮರಾಠಿ ಪುಕ್ಕಟೆ.

ಎಲ್‌ಇಡಿಬಲ್ಬ್ (ಕಲಬುರಗಿ)
ಆ ಡಬ್ಬಿ ಬಿಸಾಕ್ರಿ. ಸಿಕಂದರಾಬಾದದ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗ್ರಿ, ಆಫೀಸದವರು ಬಿಟ್ಟ ಹಳೇ ಥಿಂಕ್‌ಪ್ಯಾಡ್ ಹಂತೇಕ ಹಂತೇಕ ಸಾಲಾಗಿ ಇಟ್ಟಿರ್ತಾರ. ನಾ ಒಂದು 13 ಸಾವಿರಕ್ಕ ತಂದೆ, 8 ಜಿಬಿ ರ‍್ಯಾಮ್. ಮುಂಜಾನಿ ರೈಲಿಗೆ ಹೋಗಿ ರಾತ್ರಿ ಮನಿಗೆ ಬಂದೆ.

ತೊಗರಿಕಣಜ
13 ಸಾವಿರ ಇದ್ರ ಇಲ್ಲಿ ಕುಂತು ಯಾಕ ಕೇಳ್ತಿದ್ದೆ ಅಣ್ಣಾ.

ಶಹಾಪುರಮಾಸ್ತರ (ಯಾದಗಿರಿ)
ಎಲ್ಲಾರೂ ಒಂದು ನಿಮಿಷ ಸುಮ್ಮಿರ್ರಿ. ತಮ್ಮಾ, ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ತೆಗಿ. ಅಲ್ಲಿ "ಸಿಸ್ಟಂ ಟೈಪ್" ಅಂತ ಒಂದು ಸಾಲು ಅದ. ಅದ್ರಾಗ ಏನದ ಅದನ್ನ ಇದ್ದಂಗೇ ಇಲ್ಲಿ ಬರಿ. ಒಂದು ಅಕ್ಷರ ಬಿಡಬ್ಯಾಡ.

ತೊಗರಿಕಣಜ
"32-ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64-ಬೇಸ್ಡ್ ಪ್ರೊಸೆಸರ್" ಅಂತದ ಸರ್.

ಶಹಾಪುರಮಾಸ್ತರ
ಸಿಕ್ತು ನೋಡು ಕಳ್ಳ. ಝಡ್3735ಎಫ್ ಅಂದಾಗೇ ನನಗ ಡೌಟ್ ಬಂದಿತ್ತು.

ನಿನ್ನ ಪ್ರೊಸೆಸರ್ 64-ಬಿಟ್ ಖರೆ. ಆದ್ರ ಒಳಗ ಇರೋ ಯುಇಎಫ್‌ಐ (ಬಯೋಸ್‌ದ ಹೊಸ ರೂಪ, ಮಷಿನ್ ಚಾಲೂ ಮಾಡೋ ಫರ್ಮ್‌ವೇರ್) 32-ಬಿಟ್. 2014ರ ಸುಮಾರಿಗೆ ಈ ಬೇ ಟ್ರೇಲ್ ಆಟಮ್ ಚಿಪ್ ಹಾಕಿ ಅಗ್ಗದ ಟ್ಯಾಬ್ಲೆಟ್ಟು, ಸಣ್ಣ ಲ್ಯಾಪ್‌ಟಾಪು ರಾಶಿಗಟ್ಲೆ ಬಂದ್ವು. 2 ಜಿಬಿ ರ‍್ಯಾಮು, 32 ಜಿಬಿ ಜಾಗ ಇರೋ ಮಷಿನ್‌ಗೆ 32-ಬಿಟ್ ವಿಂಡೋಸ್ ಸಾಕು ಅಂತ ಅದನ್ನೇ ಹಾಕಿ ಮಾರಿದ್ರು. ಯುಇಎಫ್‌ಐದಾಗ ವಿಂಡೋಸ್ ಏಳ್ಬೇಕಂದ್ರ ಎರಡೂ ಒಂದೇ ಬಿಟ್ ಇರ್ಬೇಕು, ಅದಕ್ಕ ಫರ್ಮ್‌ವೇರೂ 32-ಬಿಟ್ಟಿಂದೇ ಹಾಕಿದ್ರು.

ನಮ್ಮ ಕಡೆ ಹಳೇ ವಾಡೆ ನೋಡೀದಿಲ್ಲೋ? ಒಳಗ ಎಷ್ಟು ದೊಡ್ಡ ಅಂಗಳ ಇರ್ತದ, ಆದ್ರ ಒಳಗ ಹೋಗೋದು ದಿಡ್ಡಿ ಬಾಗಲಲಿಂದ, ತಲಿ ಬಗ್ಗಿಸಿಕೊಂಡು. ನಿಂದು ಅಂಥಾ ವಾಡೆ. ಚಾಲೂ ಆಗೋ ಮುಂದ ಅದು ಪೆನ್‌ಡ್ರೈವ್‌ನಾಗಿನ ಇಎಫ್‌ಐ ಫೋಲ್ಡರ್, ಅದರೊಳಗ ಬೂಟ್ ಫೋಲ್ಡರ್ ತೆಗದು "ಬೂಟ್‌ಐಎ32" ಅಂಬೋ ಫೈಲ್ ಹುಡುಕ್ತದ. ಉಬುಂಟುದಾಗ ಇರೋದು "ಬೂಟ್‌ಎಕ್ಸ್64" ಅಷ್ಟೇ. ಹುಡುಕಿ ಸಿಗದಕ್ಕ ತಿರುಗಿ ವಿಂಡೋಸಿಗೆ ಹೋಗ್ತದ. ಗೆಳೆಯನ ಲ್ಯಾಪ್‌ಟಾಪ್‌ನಾಗ 64-ಬಿಟ್ ಯುಇಎಫ್‌ಐ ಅದ, ಅದಕ್ಕ ಅಲ್ಲಿ ಎದ್ದದ.

ಲುಬುಂಟು ಹಾಕಿದ್ರೂ ಇದೇ ಹಣೇಬರಹ.

ಜಯನಗರದವ
ಓ. ಇದು ಗೊತ್ತಿರಲಿಲ್ಲ. ಹಾಗಾದ್ರೆ 32-ಬಿಟ್ ಲಿನಕ್ಸೇ ಹಾಕಿಬಿಡಿ, ಆಂಟಿಎಕ್ಸ್ ಥರದ್ದು.

ಶಹಾಪುರಮಾಸ್ತರ
ಹಾಕಬಹುದು, ಆದ್ರ ಯಾಕ? ಪ್ರೊಸೆಸರ್ 64 ಅದಲ್ಲ. 32-ಬಿಟ್‌ಗೆ ಈಗ ದಿನ ಎಣಿಸೋ ಕಾಲ. ಕ್ರೋಮ್ 2016ರಾಗೇ 32-ಬಿಟ್ ಲಿನಕ್ಸ್ ಕೈಬಿಟ್ಟದ. ಡೆಬಿಯನ್ ಅಂತ ಇನ್ನೊಂದು ಲಿನಕ್ಸ್ ಅದ, ಅದರ 13ನೇ ಆವೃತ್ತಿಗೆ 32-ಬಿಟ್ ಇನ್‌ಸ್ಟಾಲರೇ ಇಲ್ಲ. ಹುಡುಗಿ ನಾಳೆ ಅರ್ಜಿ ತುಂಬಬೇಕು, ಯಾವುದರ ಸರಕಾರಿ ವೆಬ್‌ಸೈಟ್ ತೆಗೀಬೇಕು ಅಂದ್ರ ಬ್ರೌಸರ್ ಹೊಸಾದು ಬೇಕಾಗ್ತದ.

ಬಾಗಲ ಸಣ್ಣದು, ಒಳಗ ಹೋದ ಮ್ಯಾಲ ಸೆಟದು ನಿಲ್ಲಬಹುದು. ಡೆಬಿಯನ್‌ದವರು ಇಂಥಾ ಮಷಿನ್‌ಗೆ 2015ರ ಡೆಬಿಯನ್ 8ರಿಂದೇ ದಾರಿ ಮಾಡಿಟ್ಟಾರ. ಡೆಬಿಯನ್ 12ರ ನೆಟ್‌ಇನ್‌ಸ್ಟ್ (ಸಣ್ಣ ಇನ್‌ಸ್ಟಾಲರ್) ಇಳಿಸ್ಕೋ, ರೂಫಸ್‌ದಾಗ ಐಎಸ್‌ಒ ಮೋಡ್‌ನಾಗ ಬರಿ. ಬರದ ಮ್ಯಾಲ ಪೆನ್‌ಡ್ರೈವ್ ತೆಗದು ಆ ಬೂಟ್ ಫೋಲ್ಡರ್‌ನಾಗ ಐಎ32, ಎಕ್ಸ್64 ಎರಡೂ ಕುಂತಾವೇನು ಕಣ್ಣಿಲೆ ನೋಡು. ಕುಂತಿದ್ರ ಮುಂದ ಹೋಗು.

ಪೆಂಡ್ರೈವ್‌ಪರಮೇಶಿ (ಸೇಡಂ)
ವೆಂಟಾಯ್ ಹಾಕ್ರಿ, ಎಲ್ಲಾ ಸಲೀಸು. ಒಂದೇ ಪೆನ್‌ಡ್ರೈವ್‌ನಾಗ ಹತ್ತು ಐಎಸ್‌ಒ ಸುಮ್ಮ ಕಾಪಿ ಮಾಡಿ ಒಗೀರಿ. ವೆಂಟಾಯ್ 32-ಬಿಟ್ ಯುಇಎಫ್‌ಐದಾಗ ಭೀ ನಡೀತದ.

ಶಹಾಪುರಮಾಸ್ತರ
ವೆಂಟಾಯ್ ಮೆನು ಬರ್ತದ, ಅದು ಖರೆ. ಅಲ್ಲಿ ಉಬುಂಟು ಆರಿಸಿದ್ರ ಮುಂದ ಮತ್ತ ಆ ಐಎಸ್‌ಒದಾಗ ಐಎ32 ಫೈಲ್ ಬೇಕಲ್ಲೋ. ದಿಡ್ಡಿ ಬಾಗಲ ದಾಟಿ ಪಡಸಾಲಿ ಬಾಗಲಕ್ಕ ತಲಿ ಬಡಕೊಂಡಂಗ.

ಪೆಂಡ್ರೈವ್‌ಪರಮೇಶಿ
ನನ್ನ ಕಡೆ ನಡದದ್ರೀ ಸರ್.

ಶಹಾಪುರಮಾಸ್ತರ
ಯಾವ ಮಷಿನ್‌ನಾಗ?

ಪೆಂಡ್ರೈವ್‌ಪರಮೇಶಿ
…ಐ3 ಲ್ಯಾಪ್‌ಟಾಪ್‌ನಾಗ.

ಎಲ್‌ಇಡಿಬಲ್ಬ್
😂😂

ಕ್ವಾಟಿಮ್ಯಾಲ
ಪೆನ್‌ಡ್ರೈವ್ ಬರಿಯೋ ಮುಂದ ಒಂದು ಮಾತು. ರೂಫಸ್‌ನಾಗರ ಡ್ರೈವಿನ ಹೆಸರು ತೋರಿಸ್ತದ. ಲಿನಕ್ಸ್‌ಲಿಂದ ಡಿಸ್ಕಿಗೆ ಸೀದಾ ಬರಿಯೋ ಡಿಡಿ ಕಮಾಂಡ್ ಕೊಡವ್ರಿದ್ರ ಹತ್ತು ಸಲ ನೋಡಿ ಕೊಡ್ರಿ. ನಾ ಐದು ವರ್ಷದ ಹಿಂದ ಎಸ್‌ಡಿಬಿ ಬರಿಯೋಕಡೆ ಎಸ್‌ಡಿಎ ಬರದೆ. ಎಸ್‌ಡಿಬಿ ಪೆನ್‌ಡ್ರೈವ್ ಇತ್ತು. ಎಸ್‌ಡಿಎ ನಮ್ಮ ಅಪ್ಪಾಜಿ ಕಿರಾಣಿ ಅಂಗಡಿ ಲೆಕ್ಕ ಇದ್ದ ಡಿಸ್ಕು. ಡಿಡಿ "ಖರೇನೇ ಬರೀಲ್ಯಾ?" ಅಂತ ಕೇಳಂಗಿಲ್ಲ. ಬಾಯಿ ಮುಚ್ಕೊಂಡು ಬರೀತದ. ಎರಡು ವರ್ಷದ ಉದ್ರಿ ಖಾತೆ ಹೋಯ್ತು. ನಾ ಅಳೋದೊಂದು ಬಾಕಿ ಇತ್ತು. ಅಪ್ಪಾಜಿ ಸುಮ್ಮ ಗಲ್ಲಾ ಪೆಟ್ಟಿಗಿ ಕೆಳಗಿಂದ ಕೆಂಪು ಬಟ್ಟಿ ಸುತ್ತಿದ ಖಾತೆ ಪುಸ್ತಕ ತೆಗದ್ರು. ಎಲ್ಲಾ ಕೈಲೆ ಬರಕೊಂಡಿದ್ರು! ಕಂಪ್ಯೂಟರ್ ಬಂದ ದಿನದಿಂದ ನನಗ ಹೇಳದಂಗ ಎರಡೂ ಕಡೆ ಬರೀತಿದ್ರಂತ. "ನೀ ಎಂದರ ಒಂದಿನ ಏನರ ಮಾಡ್ತಿ ಅಂತ ಗೊತ್ತಿತ್ತು" ಅಂದ್ರು.

ಹಳೇಮದರ್‌ಬೋರ್ಡ್
ಬ್ಯಾಕಪ್ ಅಂದ್ರ ಅದಪ್ಪ. ಕೆಂಪು ಬಟ್ಟಿ ಬ್ಯಾಕಪ್.

ಎಲ್‌ಇಡಿಬಲ್ಬ್
ಪೆನ್‌ಡ್ರೈವೇ ಖೊಟ್ಟಿ ಇರ್ತಾವ, ಅದೂ ನೋಡ್ಕೋರಿ. ನಾ ಜಾತ್ರ್ಯಾಗ 64 ಜಿಬಿ ಅಂತ ತಗೊಂಡಿದ್ದೆ. ಎಫ್3 ಅಂತ ಒಂದು ಪ್ರೋಗ್ರಾಂ ಅದ, ಅದರ ಮ್ಯಾಲ ಪರೀಕ್ಷಾ ಮಾಡಿದ್ರ ಒಳಗ ಖರೇನೇ ಇದ್ದದ್ದು 8. ಉಳದದ್ದು ಬರೇ ಬಾಯಿಮಾತು. 8ರ ಮ್ಯಾಲ ಏನು ಬರದ್ರೂ ಎಲ್ಲಿ ಹೋಗ್ತದೋ ಗೊತ್ತಿಲ್ಲ.

ಅಕ್ಕ_ಡಿಟಿಪಿ (ಕಲಬುರಗಿ)
ನಡುವ ಬಂದೆ, ಸಿಟ್ಟಾಗಬ್ಯಾಡ್ರಿ. ನಾ ಸೂಪರ್ ಮಾರ್ಕೆಟ್ ಕಡೆ ಡಿಟಿಪಿ ಅಂಗಡಿ ಇಟ್ಟೀನಿ. ಲಿನಕ್ಸ್ ಹಾಕಿದ್ರ ಕನ್ನಡ ಟೈಪ್ ಹೆಂಗ ಮಾಡೋದು? ನುಡಿ ಸಾಫ್ಟ್‌ವೇರ್ ಇಲ್ಲಂದ್ರ ನನ್ನ ಕೈಯೇ ಓಡಂಗಿಲ್ಲ. ತಂಗಿ ನಾಳೆ ಎಫ್‌ಡಿಎ ಆದ್ರ ಆಕಿಗೂ ಕನ್ನಡ ಟೈಪಿಂಗ್ ಬೇಕೇ ಬೇಕು.

ಶಹಾಪುರಮಾಸ್ತರ
ಅಕ್ಕಾರ, ನಿಮ್ಮ ಬೆರಳಿಗೆ ಗೊತ್ತಿರೋದು ಕಗಪ ಕೀಲಿಮಣೆ. ಅದು ಲಿನಕ್ಸ್‌ನಾಗ ಏನೂ ಇಳಿಸದಂಗ ಮೊದಲೇ ಇರ್ತದ. ಕೀಬೋರ್ಡ್ ಲೇಔಟ್ ಸೆಟ್ಟಿಂಗ್‌ನಾಗ ಇಂಡಿಯನ್ ತೆಗದು, ಕೆಳಗ ಹೋದ್ರ "ಕನ್ನಡ (ಕಗಪ, ಫೊನೆಟಿಕ್)" ಅಂತ ಸಿಗ್ತದ. ಎಫ್ ಒತ್ತಿದ್ರ ಒತ್ತಕ್ಷರಕ್ಕ ಹಲಂತ, ನುಡಿಯಾಗ ಇದ್ದಂಗೇ. ಬ್ಯಾರೆ ಲೇಔಟ್ ಬೇಕಂದ್ರ ಐಬಸ್ ಎಂ17ಎನ್ ಪ್ಯಾಕೇಜ್ ಹಾಕ್ಕೋರಿ. ಫಾಂಟಿಗೆ ಡೆಬಿಯನ್‌ನಾಗ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಪ್ಯಾಕೇಜೇ ಅದಾವ, ಲೋಹಿತ್, ನೋಟೋ ಬ್ಯಾರೆ.

ಅಕ್ಕ_ಡಿಟಿಪಿ
ಮತ್ತ ನನ್ನ ಹಳೇ ಫೈಲು? ಹದಿನೈದು ವರ್ಷದ ಲಗ್ನಪತ್ರಿಕೆ, ಕರಪತ್ರ ಎಲ್ಲಾ ನುಡಿ 01 ಇ ಫಾಂಟ್‌ನಾಗ ಅದಾವ.

ಶಹಾಪುರಮಾಸ್ತರ
ಅವು ಯುನಿಕೋಡ್ ಅಲ್ರಿ, ಆಸ್ಕಿ. ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ತುಂಡು ತುಂಡು ಚಿತ್ರ ಕುಂದ್ರಿಸಿದ್ದು. ಫಾಂಟ್ ತೆಗದ್ರ ಒಳಗ ಏನಿದ್ದದ್ದು ಬಯಲಾಗ್ತದ, ಬರೇ ಕಸ. ಪರಿವರ್ತಕ ಅದಾವ, ಹಾಕಿ ಯುನಿಕೋಡ್ ಮಾಡ್ಕೋಬಹುದು. ಆದ್ರ ಒಂದೊಂದೂ ತಿರುಗಿ ಓದಬೇಕು, ಅರ್ಕಾವತ್ತು ಇದ್ದಲ್ಲಿ ಎಡವಟ್ಟಾಗ್ತದ. ನೀವು ಅಂಗಡಿ ಕಂಪ್ಯೂಟರ್ ಮುಟ್ಟಬ್ಯಾಡ್ರಿ. ವಿಂಡೋಸೇ ಇರ್ಲಿ.

ಜಯನಗರದವ
ಲಿನಕ್ಸ್‌ನೋರೇ ವಿಂಡೋಸ್ ಇರಲಿ ಅನ್ನೋದು ಇದೇ ಮೊದಲು ನೋಡಿದ್ದು.

ಶಹಾಪುರಮಾಸ್ತರ
ಹೊಟ್ಟಿಪಾಡಿನ ಮಷಿನ್ ಮ್ಯಾಲ ಪ್ರಯೋಗ ಮಾಡಬಾರದಪ್ಪ.

ಅಕ್ಕ_ಡಿಟಿಪಿ
ನನ್ನ ಪ್ರಿಂಟರ್ ಲಿನಕ್ಸ್‌ನಾಗ ನಡೀತದೇನು ಅದನ್ನರ ಯಾರರ ಹೇಳ್ರಿ.

ಪೆಂಡ್ರೈವ್‌ಪರಮೇಶಿ
ಸೂಪರ್ ಮಾರ್ಕೆಟ್ ಅಂದಕೂಡ್ಲೇ ನನಗ ಅಲ್ಲಿ ಸುಸಲಾ ಮಿರ್ಚಿ ನೆನಪಾಯ್ತು. ಸಂಜಿ ಮುಂದ ಬಿಸಿ ಮಿರ್ಚಿ, ಸಂಗಡ ಚಹಾ…

ಕ್ವಾಟಿಮ್ಯಾಲ
ಇವ ಒಬ್ಬಾತ, ಚರ್ಚಾ ಎಲ್ಲಿ ನಡದದ, ಇವನ ಹೊಟ್ಟಿ ಎಲ್ಲಿ ನಡದದ.

ಹಳೇಮದರ್‌ಬೋರ್ಡ್
ಮಿರ್ಚಿ ಬಿಡು, ತಹರಿ ಬಗ್ಗೆ ಯಾರೂ ಮಾತಾಡವಲ್ರಿ.

ತೊಗರಿಕಣಜ
ಎಲ್ಲಾ ಮಂದಿಗೂ ವರದಿ. ಉದ್ದ ಅದ, ಕುಂತು ಓದ್ರಿ.

ಡೆಬಿಯನ್ 12 ಬರದೆ. ಮಾಸ್ತರ್ ಹೇಳಿದಂಗ ಬೂಟ್ ಫೋಲ್ಡರ್ ತೆಗದೆ, ಐಎ32, ಎಕ್ಸ್64 ಎರಡೂ ಅಣ್ಣತಮ್ಮರಂಗ ಕುಂತಿದ್ವು. ತಂಗಿ ಫೈಲೆಲ್ಲಾ ಬ್ಯಾರೆ ಪೆನ್‌ಡ್ರೈವ್‌ಗೆ ತಕ್ಕೊಂಡೆ (ಕೆಂಪು ಬಟ್ಟಿ ಇದ್ದಿಲ್ಲ). ಚಾಲೂ ಮಾಡಿದೆ, ಡೆಬಿಯನ್ ಮೆನು ಬಂತ್ರೀ! ಮನ್ಯಾಗ ಚೀರಿದೆ, ಅವ್ವ ಅಡಗಿಮನಿಲಿಂದ ಲಟ್ಟಣಗಿ ಹಿಡ್ಕೊಂಡು ಓಡಿ ಬಂದಳು.

ಮುಂದಿಂದು ಇಷ್ಟು ಸರಳ ಆಗಲಿಲ್ಲ. ಇದಕ್ಕ ಯುಎಸ್‌ಬಿ ಕಿಂಡಿ ದೊಡ್ಡದು ಒಂದೇ ಅದ, ಅದ್ರಾಗ ಪೆನ್‌ಡ್ರೈವ್ ಕುಂತಿತ್ತು, ಮೌಸ್ ಹಚ್ಚಾಕ ಬರಲಿಲ್ಲ. ಟಚ್‌ಪ್ಯಾಡ್ ಇನ್‌ಸ್ಟಾಲರ್‌ನಾಗ ಕೆಲಸ ಮಾಡಲಿಲ್ಲ, ಆದ್ರ ಕೀಬೋರ್ಡ್ ಟ್ಯಾಬ್ ಒತ್ತಿ ಒತ್ತಿ ನಡಿಸಿದೆ. ನೆಟ್‌ಇನ್‌ಸ್ಟ್ ಅಂದ್ರ ಉಳದ ಸಾಮಾನೆಲ್ಲಾ ನೆಟ್‌ಲಿಂದ ಇಳಿಸ್ತದ. ಒಳಗಿನ ವೈಫೈ ರಿಯಲ್‌ಟೆಕ್ 8723ಬಿಎಸ್, ಡೆಬಿಯನ್ 12ರಾಗ ಫರ್ಮ್‌ವೇರ್ ಸಂಗಡೇ ಬರ್ತದ, ತಾನೇ ಹಿಡೀತು. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಅರ್ಧಕ್ಕ ಬಂದಾಗ ನಂದು ಆ ದಿನದ 1.5 ಜಿಬಿ ಮುಗೀತು! ಪಟ್ಟಿ ಅಲ್ಲೇ ನಿಂತು ಬಿಡ್ತು. ತಂಗಿ ಮೊಬೈಲ್ ಇಸ್ಕೊಂಡು ಅದೇ ಹೆಸರು, ಅದೇ ಪಾಸ್‌ವರ್ಡಿಟ್ಟು ಹಾಟ್‌ಸ್ಪಾಟ್ ಹಚ್ಚಿದೆ, ರೀಟ್ರೈ ಒತ್ತಿದೆ, ಮುಂದ ಹೋಯ್ತು. ಅಷ್ಟರಾಗ ಕರೆಂಟ್ ಹೋಯ್ತು. ಬ್ಯಾಟರಿ 40 ಇತ್ತು. ಆ 20 ನಿಮಿಷ ನಾ ಹೆಂಗ ಕಳದೆ ಅಂತ ಕೇಳಬ್ಯಾಡ್ರಿ.

ಡಿಸ್ಕ್ ಆರಿಸೋಕಡೆ ಒಂದು ಗಾಬರಿ ಆಗಿತ್ತು. ಎಸ್‌ಡಿಎ ಅಂತ ಇದ್ದದ್ದು ನಾ ಹಾಕಿದ ಪೆನ್‌ಡ್ರೈವ್, ಲ್ಯಾಪ್‌ಟಾಪಿನ ಇಎಂಎಂಸಿ ಹೆಸರು ಎಂಎಂಸಿಬಿಎಲ್‌ಕೆ0. ಬೀದರ್ ಅಣ್ಣನ ಕಥಿ ಓದಿದ್ದಕ್ಕ ಅಳತಿ ನೋಡಿ ಗುರುತು ಹಿಡದೆ, 31 ಜಿಬಿ ಚಿಲ್ಲರೆ ಇದ್ದದ್ದು ಇದೇ ಅಂತ.

ಹಗುರಾದ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಾಕೀನಿ. ಝಡ್‌ರ‍್ಯಾಮ್ (ರ‍್ಯಾಮ್‌ನಾಗಿನ ಮಾಹಿತಿ ಒತ್ತಿ ಸಣ್ಣದು ಮಾಡೋದು) ಭೀ ಹಚ್ಚೀನಿ. ಪಿಡಿಎಫ್ ಈಗ ಒತ್ತಿದಕೂಡ್ಲೇ ತೆಗೀತದ. ಬ್ರೌಸರ್‌ನಾಗ ನಾಲ್ಕು ಟ್ಯಾಬಿನ ತನಕ ಪರವಾಗಿಲ್ಲ, ಐದನೇದಕ್ಕ ಏದುಸಿರು ಬಿಡ್ತದ. 2 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸದಾರ, ಏರಿಸಾಕ ಬರಂಗಿಲ್ಲ.

ಒಂದೇ ಉಳದದ: ಸ್ಪೀಕರ್‌ಲಿಂದ ಸಪ್ಪಳೇ ಬರವಲ್ದು.

ಕ್ವಾಟಿಮ್ಯಾಲ
ಶಾಬ್ಬಾಸ್ ತಮ್ಮಾ!

ಹಳೇಮದರ್‌ಬೋರ್ಡ್
ಛಲೋ ಆಯ್ತು. ನಡುನಡುವ ಮಷಿನ್ ಫ್ರೀಜ್ ಆದ್ರ ಗ್ರಬ್‌ನಾಗ (ಲಿನಕ್ಸ್ ಎಬ್ಬಿಸೋ ಪ್ರೋಗ್ರಾಂ) ಇಂಟೆಲ್ ಐಡಲ್ ಮ್ಯಾಕ್ಸ್ ಸಿಸ್ಟೇಟ್ 1 ಅಂತ ಹಾಕು. ಬೇ ಟ್ರೇಲ್‌ಗೆ ಅದು ಹಳೇ ರೋಗ.

ಶಹಾಪುರಮಾಸ್ತರ
ಕಾಕಾ, ಅದು ಹಳೇ ಕರ್ನಲ್ (ಲಿನಕ್ಸಿನ ತಿರುಳು) ಕಾಲದ ಮಾತು. ಡೆಬಿಯನ್ 12ರಾಗ 6.1 ಕರ್ನಲ್ ಅದ. ಫ್ರೀಜ್ ಆಗದೇ ಇದ್ರ ಹಾಕಬ್ಯಾಡ, ಬ್ಯಾಟರಿ ಸುಮ್ಮ ಲಗೂನ ಇಳೀತದ.

ಸಪ್ಪಳಕ್ಕ: ಫರ್ಮ್‌ವೇರ್-ಇಂಟೆಲ್-ಸೌಂಡ್ ಅಂಬೋ ಪ್ಯಾಕೇಜ್ ಅದನೋ ನೋಡು, ಇಲ್ಲಂದ್ರ ಹಾಕಿ ರೀಬೂಟ್ ಮಾಡು. ಸಂಗಡ ಅಲ್ಸಾ-ಯುಸಿಎಂ-ಕಾನ್ಫ್. ಆಮ್ಯಾಲ ಪಾವುಕಂಟ್ರೋಲ್ ಅಂಬೋ ಸಪ್ಪಳದ ಸೆಟ್ಟಿಂಗ್ ತೆಗದು ಔಟ್‌ಪುಟ್ ಎಚ್‌ಡಿಎಂಐ ಮ್ಯಾಲ ಕುಂತಿದ್ರ ಸ್ಪೀಕರ್‌ಗೆ ತಿರುಗಿಸು. ಈ ಮಷಿನ್ಗೋಳು ಎಚ್‌ಡಿಎಂಐ ಅಂದ್ರ ಜೀವ ಬಿಡ್ತಾವ.

ತೊಗರಿಕಣಜ
ಎಚ್‌ಡಿಎಂಐ ಮ್ಯಾಲೇ ಕುಂತಿತ್ತು ಸರ್ 🙏 ಬಂತು. ತಂಗಿ ಮೊದಲನೇ ಕೆಲಸ ಏನು ಮಾಡಿದ್ಳು ಅಂದ್ರ ಕಗಪ ಹಾಕ್ಕೊಂಡು "ಅಣ್ಣ ಮೂರು ದಿನ ನನ್ನ ಓದು ಕೆಡಿಸಿದ" ಅಂತ ಟೈಪ್ ಮಾಡಿ ತೋರಿಸಿದ್ಳು.

ಜಯನಗರದವ
ಹಂಗಂದ್ರೆ ಈಗ "ಆಗ್ಯಾದ" ಅನ್ನಬೇಕಾ?

ಕ್ವಾಟಿಮ್ಯಾಲ
ಬರೋಬರಿ. ಅರ್ಧಾ ಪಾಸಾದ್ರಿ ನೀವು.

ಹೊಸಬಳು22 (ಸುರಪುರ)
ನನ್ನ ಕಡೆನೂ ಇಂಥಾದ್ದೇ ಮಷಿನ್ ಅದ, ಅದೇ ಸಿಸ್ಟಂ ಟೈಪ್ ಸಾಲು. ನಮ್ಮಲ್ಲಿ ನೆಟ್ ಇಷ್ಟು ಓಡಂಗಿಲ್ಲ, ನೆಟ್‌ಇನ್‌ಸ್ಟ್ ಆಗಂಗಿಲ್ಲ ಅನಸ್ತದ. ಶಹಾಪುರದ ಸರ್, ನಿಮ್ಮ ಊರು ನಮಗ ಹಂತೇಕೇ ಅದಲ್ರಿ. ಪೆನ್‌ಡ್ರೈವ್ ತಂದು ಕೊಟ್ರ ನೆಟ್ ಇಲ್ಲದೇ ನಡಿಯೋ ದೊಡ್ಡ ಇಮೇಜ್ ಬರದು ಕೊಡ್ತೀರೇನ್ರಿ?

ಶಹಾಪುರಮಾಸ್ತರ
ತಗೊಂಡು ಬಾರವ್ವ, ಐತವಾರ ಬಾ. 8 ಜಿಬಿಕಿನ ಸಣ್ಣದು ತರಬ್ಯಾಡ. ಮತ್ತ ಜಾತ್ರ್ಯಾಗಿಂದು ತರಬ್ಯಾಡ.

ಅಕ್ಕ_ಡಿಟಿಪಿ
ಪ್ರಿಂಟರ್‌ದು ಯಾರೂ ಹೇಳಲೇ ಇಲ್ಲ ನೋಡ್ರಿ.